ಪ್ರತಿ ಭಾನುವಾರ ಹೊಸ ಜಾಗ ಬೇಡ, ಒಂದು ಕೆರೆಯ ಪರಿಚಯ ಮಾಡಿಕೊಳ್ಳಿ

ಪ್ರಶ್ನೆ: ನಾವು ಹಾಸನದ ಕಡೆಯವರು. ಬೆಂಗಳೂರಿನ ಕೊಡಿಗೇಹಳ್ಳಿಗೆ ಬಂದು ಎರಡು ವರ್ಷವಾಯಿತು. ಮಗಳಿಗೆ ಒಂಬತ್ತು, ಮಗನಿಗೆ ಐದು ವರ್ಷ. ಭಾನುವಾರ ಬಂತೆಂದರೆ ಮಕ್ಕಳು ಮಾಲ್‌ಗೆ ಹೋಗೋಣ ಎನ್ನುತ್ತಾರೆ. ಹೋಗಿ ಬರುವಷ್ಟರಲ್ಲಿ ಎಲ್ಲರಿಗೂ ತಲೆನೋವು. ಕೆರೆ, ಕಾಡು ಎಂದು ಸುತ್ತಾಡಿಸೋಣವೆಂದರೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುತ್ತಿಲ್ಲ. ಒಂದೆರಡು ಕಡೆ ಹೋಗಿದ್ದೆವು. ಒಂದು ಕೆರೆಯ ಬಾಗಿಲೇ ಮುಚ್ಚಿತ್ತು, ಇನ್ನೊಂದರಲ್ಲಿ ವಾಸನೆಗೆ ನಿಲ್ಲಲಾಗಲಿಲ್ಲ. ಜೊತೆಗೆ ಅತ್ತೆಯವರಿಗೆ ಮೊಣಕಾಲು ನೋವು, ಹೆಚ್ಚು ದೂರ ನಡೆಯಲಾರರು. ಮಕ್ಕಳನ್ನು ಇಂಥ ಕಡೆ ಕರೆದೊಯ್ಯುವುದು ಸುರಕ್ಷಿತವೇ? ಯಾವ ಕಾಲದಲ್ಲಿ ಎಲ್ಲಿಗೆ ಹೋದರೆ ಚೆನ್ನ? ದುರ್ಬೀನು ಕೊಳ್ಳಬೇಕೇ?

ಉತ್ತರ: ಮೊದಲು ಆ ಮುಚ್ಚಿದ ಬಾಗಿಲಿನ ವಿಷಯ. ನಗರದೊಳಗಿನ ಹೆಚ್ಚಿನ ಕೆರೆಗಳು ಬೆಳಗಿನ ಜಾವ ತೆರೆದು, ಬಿಸಿಲೇರುವ ಹೊತ್ತಿಗೆ ಮುಚ್ಚಿ, ಮತ್ತೆ ಸಂಜೆ ಕೆಲವು ಗಂಟೆ ತೆರೆಯುತ್ತವೆ. ಭಾನುವಾರವೆಂದು ನಿಧಾನವಾಗಿ ಎದ್ದು, ತಿಂಡಿ ಮುಗಿಸಿ, ಹನ್ನೊಂದಕ್ಕೆ ಹೊರಟವರಿಗೆ ಬೀಗ ಎದುರಾಗುತ್ತದೆ, ಬೀಗವಿಲ್ಲದಿದ್ದರೆ ಬಿಸಿಲು. ಆದ್ದರಿಂದ ದಿನದ ಕ್ರಮವನ್ನೇ ತಿರುಗಿಸಿಕೊಳ್ಳಿ. ಆರೂವರೆಗೆ ಕೆರೆಯ ಬಳಿ ಇರಿ, ಎಂಟೂವರೆಗೆ ಹೊರಡಿ, ತಿಂಡಿ ಆಮೇಲೆ. ಹಕ್ಕಿಗಳು ಚುರುಕಾಗಿರುವುದೂ ಆ ಎರಡು ಗಂಟೆಯಲ್ಲೇ. ಮನೆಯಿಂದ ಹೊರಡುವಾಗ ಮಕ್ಕಳಿಗೆ ಒಂದೊಂದು ಬಾಳೆಹಣ್ಣು, ಒಂದು ಲೋಟ ಹಾಲು ಸಾಕು. ನಡೆದು ದಣಿದ ಮೇಲೆ ಹೋಟೆಲಿನಲ್ಲಿ ಮಸಾಲೆ ದೋಸೆ ಎಂದು ಮೊದಲೇ ಹೇಳಿದ್ದರೆ ಎಬ್ಬಿಸುವ ಕಷ್ಟವೂ ಕಡಿಮೆ.

ಈಗ ಮುಖ್ಯ ಮಾತು. ನೀವು ಜಾಗಗಳ ಪಟ್ಟಿ ಕೇಳಿದ್ದೀರಿ, ಅದನ್ನು ಮುಂದೆ ಕೊಡುತ್ತೇನೆ. ಆದರೆ ಪಟ್ಟಿ ಹಿಡಿದು ವಾರಕ್ಕೊಂದು ಕೆರೆ ನೋಡುತ್ತಾ ಹೋದರೆ ಐದಾರು ವಾರದಲ್ಲಿ ಮಕ್ಕಳು ‘ಎಲ್ಲಾ ಕೆರೆಯೂ ಒಂದೇ’ ಎನ್ನುತ್ತಾರೆ. ಒಂದು ಸಲ ನೋಡಿದವರಿಗೆ ಅವು ಒಂದೇ ರೀತಿ ಕಾಣುವುದೂ ನಿಜ: ನೀರು, ಸುತ್ತ ನಡಿಗೆ ದಾರಿ, ಬೆಂಚು. ಕೆರೆಯ ಸ್ವಾರಸ್ಯ ಇರುವುದು ಅದು ಬದಲಾಗುವುದರಲ್ಲಿ. ಕಳೆದ ತಿಂಗಳು ಮಣ್ಣು ಕಾಣುತ್ತಿದ್ದ ದಂಡೆ ಈ ತಿಂಗಳು ನೀರಿನಡಿ ಸೇರಿರುತ್ತದೆ. ನವೆಂಬರಿನಲ್ಲಿ ತುಂಬಿದ್ದ ಬಾತುಕೋಳಿಗಳು ಏಪ್ರಿಲಿನಲ್ಲಿ ಕಾಣೆಯಾಗಿರುತ್ತವೆ. ಇದನ್ನು ಕಾಣಬೇಕಾದರೆ ಒಂದೇ ಕೆರೆಗೆ ಮತ್ತೆ ಮತ್ತೆ ಹೋಗಬೇಕು. ಆದ್ದರಿಂದ ಮನೆಗೆ ಹತ್ತಿರದ ಒಂದು ಕೆರೆಯನ್ನು ಆರಿಸಿಕೊಂಡು ವರ್ಷವಿಡೀ ಅಲ್ಲಿಗೇ ಹೋಗಿ. ಉಳಿದ ಜಾಗಗಳು ಆಯಾ ಋತುವಿಗೆ ಒಂದೊಂದು ಪ್ರವಾಸವಾಗಿರಲಿ. ಕೊಡಿಗೇಹಳ್ಳಿಯಲ್ಲಿರುವ ನಿಮಗೆ ಆ ಕೆರೆ ಜಕ್ಕೂರು ಆಗಲಿ ಎಂಬುದು ನನ್ನ ಸಲಹೆ.

ನೀವು ಹಾಸನದ ಕಡೆಯವರಾದ್ದರಿಂದ ಒಂದು ಅನುಕೂಲವಿದೆ. ಏರಿ, ತೂಬು, ಕೋಡಿ ಎಂದರೆ ನಿಮಗೆ ವಿವರಿಸಬೇಕಾಗಿಲ್ಲ. ಬೆಂಗಳೂರಿನ ಕೆರೆಗಳೂ ಅದೇ ಜಾತಿಯವು, ಯಾವುದೂ ತಾನಾಗಿ ಆದದ್ದಲ್ಲ. ನಗರ ಕೂತಿರುವುದು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿನ ದಿಣ್ಣೆಯ ಮೇಲೆ. ಪಕ್ಕದಲ್ಲಿ ದೊಡ್ಡ ಹೊಳೆಯಿಲ್ಲ. ಬಿದ್ದ ಮಳೆ ಒಂದು ಕಡೆ ದಕ್ಷಿಣ ಪಿನಾಕಿನಿಯತ್ತ, ಇನ್ನೊಂದು ಕಡೆ ಅರ್ಕಾವತಿಯ ಮೂಲಕ ಕಾವೇರಿಯತ್ತ ಇಳಿದುಹೋಗುತ್ತದೆ. ಹಾಗೆ ಇಳಿಯುವ ನೀರನ್ನು ತಡೆಯಲು ಹಿಂದಿನವರು ಕಣಿವೆಗೆ ಅಡ್ಡಲಾಗಿ ಏರಿ ಹಾಕಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ರಾಜಕಾಲುವೆಯ ಮೂಲಕ ಕೆಳಗಿನ ಕೆರೆಗೆ ನೀರು. ಯಲಹಂಕ, ಅಲ್ಲಾಳಸಂದ್ರ, ಜಕ್ಕೂರು, ರಾಚೇನಹಳ್ಳಿ ಹೀಗೆ ಸಾಲಾಗಿ ಬರುವ ಕೆರೆಗಳು. ಗದ್ದೆಗೆ ಎಷ್ಟು ನೀರು, ಯಾವಾಗ ಬಿಡಬೇಕು ಎಂಬುದನ್ನು ನೋಡಿಕೊಳ್ಳಲು ನೀರುಗಂಟಿ ಇರುತ್ತಿದ್ದ. ಗದ್ದೆ ಹೋಯಿತು, ನೀರುಗಂಟಿಯೂ ಹೋದ, ಕೆರೆ ಮಾತ್ರ ಉಳಿದಿದೆ.

ಇದನ್ನೇಕೆ ಹೇಳುತ್ತಿದ್ದೇನೆಂದರೆ, ಕೆರೆಯ ಬಳಿ ಹೋದಾಗ ಮಗಳಿಗೆ ಕೇಳಬೇಕಾದ ಮೊದಲ ಪ್ರಶ್ನೆ ‘ಯಾವ ಹಕ್ಕಿ ಕಂಡಿತು’ ಎಂಬುದಲ್ಲ. ‘ಏರಿ ಎಲ್ಲಿದೆ, ಕೋಡಿ ಎಲ್ಲಿದೆ, ನೀರು ಯಾವ ಕಡೆಯಿಂದ ಬರುತ್ತಿದೆ’ ಎಂದು ಕೇಳಿ. ಅದನ್ನು ಕಂಡುಹಿಡಿದರೆ ಹಕ್ಕಿ ಹುಡುಕುವುದು ಸಲೀಸು. ಏರಿಯ ಬದಿಯಲ್ಲಿ ಕೆರೆ ಆಳ. ಅಲ್ಲಿ ಮುಳುಗಿ ಮೀನು ಹಿಡಿಯುವ ನೀರುಕಾಗೆ, ಹಾವಕ್ಕಿ, ಗುಳುಮುಳುಕ. ಎದುರು ಬದಿ, ನೀರು ಒಳಬರುವ ಕಡೆ, ಇಳಿಜಾರಾಗಿ ತೆಳುವಾಗುತ್ತದೆ. ಅಲ್ಲಿ ಕಾಲೂರಿ ಮೇಯುವ ಬೆಳ್ಳಕ್ಕಿ, ಬಣ್ಣದ ಕೊಕ್ಕರೆ, ಕೆಂಬರಲು, ಮೆಟ್ಟುಗಾಲು ಹಕ್ಕಿ. ಕಾಲಿನ ಉದ್ದವನ್ನೂ ನೀರಿನ ಆಳವನ್ನೂ ಒಟ್ಟಿಗೆ ನೋಡಿದರೆ ಯಾವ ಹಕ್ಕಿ ಎಲ್ಲಿರುತ್ತದೆಂದು ಒಂಬತ್ತು ವರ್ಷದ ಮಗು ತಾನೇ ಊಹಿಸಬಲ್ಲದು.

ಕೆರೆ ಚೆನ್ನಾಗಿದೆಯೇ ಎಂದು ಅಳೆಯುವುದಕ್ಕೂ ಇದೇ ಕಣ್ಣು ಬೇಕು. ಅಭಿವೃದ್ಧಿಯ ಹೆಸರಿನಲ್ಲಿ ಕೆಲವು ಕೆರೆಗಳನ್ನು ಒಂದೇ ಸಮ ಆಳಕ್ಕೆ ಅಗೆದು, ಸುತ್ತಲೂ ಕಲ್ಲು ಕಟ್ಟಿ, ಅದರ ಮೇಲೆ ನಡಿಗೆ ದಾರಿ ಮಾಡಿದ್ದಾರೆ. ನೋಡಲು ಅಚ್ಚುಕಟ್ಟು. ಆದರೆ ತೆಳುನೀರಿನ ಅಂಚು ಹೋದರೆ ಕೊಕ್ಕರೆಗೆ ನಿಲ್ಲಲು ಜಾಗವಿಲ್ಲ, ಕಪ್ಪೆಗೆ ಮೊಟ್ಟೆಯಿಡಲು ಜಾಗವಿಲ್ಲ, ಮೀನಿನ ಮರಿಗೆ ಅಡಗಲು ಜಾಗವಿಲ್ಲ. ನೆಲಹಾಸು ಎಷ್ಟು ನುಣುಪಾಗಿದೆ, ಬಣ್ಣದ ದೀಪಗಳು ಎಷ್ಟಿವೆ ಎಂದು ನೋಡಿ ಕೆರೆ ಆರಿಸಬೇಡಿ. ದಂಡೆಯಲ್ಲಿ ಜೊಂಡು ಇದೆಯೇ, ಕೆಸರು ಇದೆಯೇ, ನೀರಿನೊಳಗೆ ಒಣಮರದ ಕೊಂಬೆಗಳು ನಿಂತಿವೆಯೇ ನೋಡಿ. ಅಂಥ ಕೆರೆ ಮಕ್ಕಳಿಗೆ ಬೇಸರ ತರಿಸುವುದಿಲ್ಲ.

ಜಕ್ಕೂರು ಕೆರೆಯಲ್ಲಿ ಇವೆಲ್ಲ ಇವೆ. ಸುಮಾರು 160 ಎಕರೆಯ ಕೆರೆ. ಉತ್ತರದ ತುದಿಯಲ್ಲಿ ಕೊಳಚೆ ನೀರು ಶುದ್ಧೀಕರಣ ಘಟಕವಿದೆ. ಅಲ್ಲಿ ಶುದ್ಧವಾದ ನೀರು ನೇರವಾಗಿ ಕೆರೆಗೆ ಬೀಳುವುದಿಲ್ಲ, ಮೊದಲು ಜೊಂಡು ಬೆಳೆದ ಜೌಗಿನ ಮೂಲಕ ನಿಧಾನವಾಗಿ ಹಾದು ಬರುತ್ತದೆ. ನೀರಿನಲ್ಲಿ ಉಳಿದ ಸಾರಜನಕ, ರಂಜಕಗಳನ್ನು ಗಿಡಗಳೂ ಅವುಗಳ ಬೇರಿನಲ್ಲಿರುವ ಸೂಕ್ಷ್ಮಜೀವಿಗಳೂ ಹೀರಿಕೊಳ್ಳುತ್ತವೆ. ಬೇಸಿಗೆಯಲ್ಲೂ ಕೆರೆಯಲ್ಲಿ ನೀರು ಇರುವುದು ಈ ವ್ಯವಸ್ಥೆಯಿಂದಲೇ. ನಾವು ಮನೆಯಲ್ಲಿ ಬಳಸಿ ಚೆಲ್ಲಿದ ನೀರು ಹೇಗೆ ಕೆರೆಯಾಗುತ್ತದೆ ಎಂಬುದನ್ನು ಕಾಲ್ನಡಿಗೆಯಲ್ಲೇ ತೋರಿಸಬಹುದಾದ ಜಾಗ ಬೆಂಗಳೂರಿನಲ್ಲಿ ಇದಕ್ಕಿಂತ ಚೆನ್ನಾಗಿರುವುದು ನನಗೆ ತಿಳಿದಿಲ್ಲ. ಮೀನುಗಾರರು ಹರಿಗೋಲಿನಲ್ಲಿ ಬಲೆ ಎಳೆಯುವ ಬೆಳಿಗ್ಗೆ ಸಿಕ್ಕರೆ ಮಕ್ಕಳನ್ನು ಅಲ್ಲೇ ನಿಲ್ಲಿಸಿಕೊಳ್ಳಿ. ಯಾವ ಮೀನು, ಎಷ್ಟು ತೂಗುತ್ತದೆ ಎಂದು ಕೇಳಲಿ. ಕೆರೆಯನ್ನೇ ನಂಬಿ ಬದುಕುವವರಷ್ಟು ಚೆನ್ನಾಗಿ ಅದರ ಬಗ್ಗೆ ಹೇಳುವವರು ಬೇರೆ ಯಾರೂ ಇಲ್ಲ.

ಪೂರ್ತಿ ಸುತ್ತು ಹಾಕಲೇಬೇಕೆಂಬ ಹಟ ಬೇಡ. ಐದು ವರ್ಷದ ಮಗನಿಗೆ ಅದು ಉದ್ದವಾಯಿತು. ಒಂದು ದಿನ ಏರಿಯ ಕಡೆ, ಇನ್ನೊಂದು ದಿನ ಜೊಂಡಿನ ಕಡೆ ಎಂದು ಮಾಡಿಕೊಳ್ಳಿ. ಸಣ್ಣ ಮಕ್ಕಳಿಗೆ ಗುಳುಮುಳುಕದಂಥ ಗೆಳೆಯ ಇನ್ನೊಂದಿಲ್ಲ. ಮುಷ್ಟಿಯಷ್ಟಿರುವ ಈ ಹಕ್ಕಿ ಇದ್ದಕ್ಕಿದ್ದಂತೆ ಮುಳುಗಿ ಬೇರೆಲ್ಲೋ ಏಳುತ್ತದೆ. ಮುಳುಗಿದ ಕೂಡಲೇ ಎಣಿಸಲು ಹೇಳಿ, ಎಲ್ಲಿ ಏಳಬಹುದೆಂದು ಬೆರಳು ತೋರಿಸಲು ಹೇಳಿ. ಅರ್ಧ ಗಂಟೆ ಹೋದದ್ದೇ ತಿಳಿಯುವುದಿಲ್ಲ. ಹಣೆಯ ಮೇಲೆ ಬಿಳಿ ನಾಮವಿರುವ ಕಪ್ಪು ಹಕ್ಕಿ ನಾಮದ ಕೋಳಿ, ಒಮ್ಮೆ ನೋಡಿದರೆ ಮರೆಯುವುದಿಲ್ಲ. ರೆಕ್ಕೆ ಹರಡಿಕೊಂಡು ಕೊಂಬೆಯ ಮೇಲೆ ನಿಂತಿರುವುದು ನೀರುಕಾಗೆ. ಅದರ ಪುಕ್ಕ ಬಾತಿನ ಪುಕ್ಕದ ಹಾಗೆ ನೀರನ್ನು ಪೂರ್ತಿ ತಡೆಯುವುದಿಲ್ಲ, ನೆನೆದು ಭಾರವಾಗುವುದರಿಂದ ಮುಳುಗಲು ಅನುಕೂಲ, ಆಮೇಲೆ ಒಣಗಿಸಿಕೊಳ್ಳಬೇಕು. ನೀರಿನಿಂದ ಕತ್ತು ಮಾತ್ರ ಹೊರಗಿಟ್ಟು ಈಜುವುದು ಹಾವಕ್ಕಿ. ಹೆಜ್ಜಾರ್ಲೆ (ಪೆಲಿಕನ್) ಬಂದು ಇಳಿದರೆ ಹೇಳಿಕೊಡಬೇಕಾಗಿಯೇ ಇಲ್ಲ, ಮಕ್ಕಳೇ ಕೂಗುತ್ತಾರೆ. ಕೂಗಬಾರದೆಂದು ಆಗ ಬಯ್ಯಬೇಡಿ. ಇನ್ನೆರಡು ಸಲ ಬಂದರೆ ಪಿಸುಗುಟ್ಟುವುದನ್ನು ತಾವೇ ಕಲಿಯುತ್ತಾರೆ.

ನೀವು ಹೇಳಿದ ವಾಸನೆಯ ವಿಷಯಕ್ಕೆ ಬರುತ್ತೇನೆ. ಮಳೆನೀರಿಗೆಂದು ಇದ್ದ ರಾಜಕಾಲುವೆಗಳಲ್ಲಿ ಇಂದು ಕೊಳಚೆ ಹರಿಯುತ್ತಿರುವುದೇ ಅದರ ಮೂಲ. ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ಸೋಪು, ಶೌಚದ ನೀರು ಎಲ್ಲ ಸೇರಿ ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದು ರಸ್ತೆಗೆ ಹಾರಿದ್ದನ್ನು, 2015ರಲ್ಲೂ 2017ರಲ್ಲೂ ಬೆಂಕಿ ಕಾಣಿಸಿಕೊಂಡಿದ್ದನ್ನು ನೀವು ಸುದ್ದಿಯಲ್ಲಿ ನೋಡಿರಬಹುದು. ಅದು ನಗರದ ಅತಿ ದೊಡ್ಡ ಕೆರೆ. ಕೆರೆ ಚೆನ್ನಾಗಿದ್ದರೂ ಒಂದು ಅವಧಿ ಕಷ್ಟದ್ದು: ಬೇಸಿಗೆ ಮುಗಿದು ಮೊದಲ ಜೋರು ಮಳೆ ಬಿದ್ದ ಮರುದಿನಗಳು. ಚರಂಡಿಯಲ್ಲಿ ತಿಂಗಳುಗಟ್ಟಲೆ ಕೂತಿದ್ದ ಕೊಳೆಯನ್ನೆಲ್ಲ ಆ ಮಳೆ ಒಮ್ಮೆಗೇ ಕೆರೆಗೆ ತಂದು ಹಾಕುತ್ತದೆ. ನೀರಿನಲ್ಲಿ ಕರಗಿದ ಆಮ್ಲಜನಕ ಕುಸಿಯುತ್ತದೆ, ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ, ಕೆಲವೊಮ್ಮೆ ರಾಶಿ ರಾಶಿ ಸಾಯುತ್ತವೆ. ಆ ವಾರ ಮಕ್ಕಳನ್ನು ಕರೆದೊಯ್ಯಬೇಡಿ.

ಹಕ್ಕಿಗಳಿವೆ ಎಂದ ಮಾತ್ರಕ್ಕೆ ನೀರು ಶುದ್ಧವೆಂದು ತಿಳಿಯುವುದೂ ಸರಿಯಲ್ಲ. ನಾಮದ ಕೋಳಿ, ಜಂಬುಕೋಳಿಗಳಿಗೆ ಪೋಷಕಾಂಶ ತುಂಬಿದ, ಕಳೆ ಬೆಳೆದ ನೀರೂ ಒಗ್ಗುತ್ತದೆ. ಆದ್ದರಿಂದ ಯಾವ ಕೆರೆಯಲ್ಲೇ ಆಗಲಿ ಮಕ್ಕಳು ನೀರಿಗೆ ಕೈ ಹಾಕುವುದು ಬೇಡ, ಏನನ್ನಾದರೂ ಮುಟ್ಟಿದ್ದರೆ ತಿನ್ನುವ ಮುಂಚೆ ಸೋಪು ಹಾಕಿ ಕೈ ತೊಳೆಯಲಿ. ಮೂಗಿಗೆ ಕೊಳೆತ ವಾಸನೆ ಬಂದರೆ, ನೀರಿನ ಮೇಲೆ ಹಸಿರು ಬಣ್ಣ ಬಳಿದಂತಿದ್ದರೆ ಅಂದು ಹಿಂದಿರುಗಿ. ಒಳ್ಳೆಯ ದಿನಗಳು ಬೇಕಾದಷ್ಟಿವೆ.

ಕಾಲದ ವಿಷಯಕ್ಕೆ ಬಂದರೆ, ನವೆಂಬರಿನಿಂದ ಫೆಬ್ರವರಿ ಎಲ್ಲಕ್ಕಿಂತ ಸೊಗಸು. ದೂರದ ಉತ್ತರದಿಂದ ವಲಸೆ ಬಂದ ಬಾತುಗಳು, ದಂಡೆಯಲ್ಲಿ ಬಾಲ ಕುಣಿಸುವ ಸಿಪಿಲೆಗಳು, ತಂತಿಯ ಮೇಲೆ ಸಾಲುಗಟ್ಟುವ ಕವಲುತೋಕೆಗಳು ಆಗ ಇರುತ್ತವೆ. ಬೆಳಗಿನ ಮಂಜಿಗೆ ಸ್ವೆಟರ್ ಬೇಕು, ಮಂಜು ಕರಗುವವರೆಗೆ ಏನೂ ಕಾಣದು, ಅದಕ್ಕಾಗಿ ಆ ತಿಂಗಳುಗಳಲ್ಲಿ ಏಳಕ್ಕೆ ಹೋದರೂ ಸರಿ. ಮಾರ್ಚಿನಲ್ಲಿ ಹೊಂಗೆ ಚಿಗುರುತ್ತದೆ, ಆ ಹಸಿರು ಹದಿನೈದು ದಿನ ಇದ್ದರೆ ಹೆಚ್ಚು. ಏಪ್ರಿಲ್, ಮೇಯಲ್ಲಿ ಎಂಟರೊಳಗೆ ಮನೆ ಸೇರಿ. ಆಗ ದಂಡೆಯ ಬರಿನೆಲದಲ್ಲಿ ಟಿಟ್ಟಿಭಗಳು ಮೊಟ್ಟೆಯಿಟ್ಟಿರುತ್ತವೆ. ಗೂಡೆಂಬುದು ಇಲ್ಲ, ಕಲ್ಲಿನ ನಡುವೆ ಕಲ್ಲಿನ ಬಣ್ಣದ ಮೊಟ್ಟೆ. ಹಕ್ಕಿ ತಲೆಯ ಮೇಲೆ ಸುತ್ತುತ್ತಾ ಅರಚುತ್ತಿದ್ದರೆ ನೀವು ಮೊಟ್ಟೆಯ ಹತ್ತಿರವಿದ್ದೀರಿ ಎಂದು ತಿಳಿದು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ.

ಮಳೆಗಾಲ ಶುರುವಾದರೆ ಗೀಜಗಗಳ ಕೆಲಸ. ಗಂಡು ಹಕ್ಕಿ ಹುಲ್ಲಿನ ಎಳೆ ಸೀಳಿ ತಂದು ಅರ್ಧ ಗೂಡು ಹೆಣೆದು, ಹೆಣ್ಣು ಬಂದು ಒಪ್ಪಿದ ಮೇಲಷ್ಟೇ ಪೂರ್ತಿ ಮಾಡುತ್ತದೆ. ನೀರಿನ ಮೇಲೆ ಬಾಗಿದ ಮರಗಳಲ್ಲಿ ಹುಡುಕಿ. ಬೆಂಗಳೂರಿಗೆ ಹೆಚ್ಚು ಮಳೆ ಬೀಳುವುದು ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ. ಕೋಡಿ ಬೀಳುವ ಸಂಭ್ರಮ ನೋಡಬೇಕಾದರೆ ಆ ತಿಂಗಳಿಂದ ಅಕ್ಟೋಬರಿನವರೆಗೆ ಕಣ್ಣಿಟ್ಟಿರಿ. ಮಳೆ ನಿಂತ ಬಿಸಿಲಿನಲ್ಲಿ ಏರೋಪ್ಲೇನ್ ಚಿಟ್ಟೆಗಳು ನೂರಾರು ಸಂಖ್ಯೆಯಲ್ಲಿ ಹಾರಾಡುತ್ತವೆ. ಅವುಗಳ ಮರಿಗಳು ಬೆಳೆಯುವುದು ನೀರಿನೊಳಗೆ, ತಿನ್ನುವ ಆಹಾರದಲ್ಲಿ ಸೊಳ್ಳೆಯ ಮರಿಯೂ ಸೇರಿದೆ ಎಂದು ತಿಳಿಸಿದರೆ ಮಗನಿಗೆ ಅವುಗಳ ಮೇಲೆ ಗೌರವ ಬರುತ್ತದೆ.

ನಿಮ್ಮ ಅತ್ತೆಯವರನ್ನು ಮನೆಯಲ್ಲಿ ಬಿಟ್ಟು ಹೋಗುವ ಯೋಚನೆ ಬೇಡ. ಜಕ್ಕೂರಿನಲ್ಲೇ ಏರಿಯ ಬೆಂಚಿನಲ್ಲಿ ಅವರು ಕೂರಬಹುದು. ಮಕ್ಕಳು ಓಡಿಹೋಗಿ ಕಂಡದ್ದನ್ನು ಬಂದು ವರದಿ ಮಾಡಲಿ. ತೂಬಿನಿಂದ ಗದ್ದೆಗೆ ನೀರು ಬಿಡುವುದನ್ನು, ಕೆರೆ ತುಂಬಿದಾಗ ಗಂಗೆಪೂಜೆ ಮಾಡಿ ಬಾಗಿನ ಬಿಡುವುದನ್ನು ಅವರು ಕಣ್ಣಾರೆ ಕಂಡಿದ್ದರೆ ಆ ಕಥೆಯನ್ನು ಮಕ್ಕಳಿಗೆ ಹೇಳಲು ಅದಕ್ಕಿಂತ ಒಳ್ಳೆಯ ಜಾಗ ಯಾವುದು? ಬೇರೆ ಕಡೆ ಎಂದರೆ ಮಲ್ಲೇಶ್ವರದ ಸ್ಯಾಂಕಿ ಕೆರೆ ಅವರಿಗೆ ಹೊಂದುತ್ತದೆ. 1882ರಲ್ಲಿ ಕಟ್ಟಿದ್ದು, ದಾರಿ ಸಮತಟ್ಟು, ಕೂರಲು ಜಾಗ ಧಾರಾಳ. ಹಕ್ಕಿಗಳು ಕಡಿಮೆ, ಮರಗಳು ಚೆನ್ನಾಗಿವೆ.

ಲಾಲ್‌ಬಾಗ್ ಅಂತೂ ಇದ್ದೇ ಇದೆ. ಹೈದರಾಲಿ 1760ರಲ್ಲಿ ಶುರುಮಾಡಿದ ತೋಟ ಇಂದು ಸುಮಾರು 240 ಎಕರೆ. ಒಳಗೆ ಬ್ಯಾಟರಿ ಗಾಡಿಗಳಿವೆ, ಹಸಿರು ಮಾರ್ಗದ ಮೆಟ್ರೊದಲ್ಲಿ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿಯಬಹುದು. ಜನವರಿ, ಆಗಸ್ಟಿನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಮಾತ್ರ ಹೋಗಬೇಡಿ, ಆ ಜನಜಂಗುಳಿಯಲ್ಲಿ ಮಕ್ಕಳಿಗೂ ಹಿರಿಯರಿಗೂ ಕಷ್ಟ. ಗಾಜಿನ ಮನೆ ನೋಡಿ ಹಿಂದಿರುಗುವವರೇ ಹೆಚ್ಚು, ಆದರೆ ಅಲ್ಲಿ ನೋಡಲೇಬೇಕಾದದ್ದು ಕೆಂಪೇಗೌಡ ಗೋಪುರ ನಿಂತಿರುವ ಬಂಡೆ. ಸುಮಾರು ಮುನ್ನೂರು ಕೋಟಿ ವರ್ಷದ ಹಳೆಯ ಶಿಲೆ ಅದು. ಮಕ್ಕಳು ಅದರ ಮೇಲೆ ಕೂತು ಅಂಗೈ ಊರಲಿ. ಡೈನೋಸಾರ್ ಹುಟ್ಟುವುದಕ್ಕೂ ಎಷ್ಟೋ ಮುಂಚಿನದು ಎಂದರೆ ಅವರಿಗೆ ತಕ್ಷಣ ಅರ್ಥವಾಗುತ್ತದೆ. ಮೆಜೆಸ್ಟಿಕ್‌ನಲ್ಲಿ ಬಸ್ಸಿನಿಂದ ಇಳಿದು ಮೆಟ್ರೊ ಹಿಡಿಯುವಾಗ ಇನ್ನೊಂದು ವಿಷಯ ಹೇಳಿ: ಆ ಬಸ್ ನಿಲ್ದಾಣ ಇರುವ ಜಾಗದಲ್ಲಿ ಹಿಂದೆ ಧರ್ಮಾಂಬುಧಿ ಕೆರೆ ಇತ್ತು. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಅಲ್ಲಿ ಉಳಿದಿರುವ ಪುಟ್ಟ ಹೊಂಡಕ್ಕೂ ಬೆಂಗಳೂರು ಕರಗದ ಆಚರಣೆಗೂ ಇಂದಿಗೂ ನಂಟಿದೆ.

ನಿಮ್ಮ ಸುತ್ತಿನಲ್ಲೇ ಇನ್ನೂ ಎರಡು ಹೆಸರು ನೆನಪಿಡಿ. ಹೆಬ್ಬಾಳ ಕೆರೆ ಹೆಜ್ಜಾರ್ಲೆಗಳಿಗೆ ಹೆಸರಾದದ್ದು, ಮೇಲ್ಸೇತುವೆಯ ಗದ್ದಲದ ಪಕ್ಕದಲ್ಲೇ ಇದ್ದರೂ ಬೆಳಿಗ್ಗೆ ಚೆನ್ನ. ಯಲಹಂಕದ ಪುಟ್ಟೇನಹಳ್ಳಿ ಕೆರೆ ಹಕ್ಕಿಗಳಿಗೆಂದೇ ಮೀಸಲಾದ ಸಂರಕ್ಷಿತ ಜಾಗ, ಅಲ್ಲಿ ಸದ್ದಿಲ್ಲದೆ ನೋಡುವ ಅಭ್ಯಾಸ ಬಂದ ಮೇಲೆ ಹೋಗಿ. ಸರ್ಜಾಪುರ ರಸ್ತೆಯ ಕಡೆ ನೆಂಟರಿದ್ದರೆ ಕೈಕೊಂಡ್ರಹಳ್ಳಿ ಕೆರೆಗೆ ಒಮ್ಮೆ ಹೋಗಿಬನ್ನಿ. ಬತ್ತಿ ಹಾಳಾಗಿದ್ದ ಕೆರೆಗೆ ನಗರಪಾಲಿಕೆಯ ಜೊತೆ ನಿಂತು ಅಕ್ಕಪಕ್ಕದ ನಿವಾಸಿಗಳೇ ಜೀವ ತಂದಿದ್ದಾರೆ. ಮಡಿವಾಳ, ಹಲಸೂರು ದೋಣಿವಿಹಾರಕ್ಕೆ ಹೆಸರಾದವು. ಮಕ್ಕಳಿಗೆ ಒಂದು ಸಲ ಖುಷಿ, ಅಷ್ಟೆ.

ಕಾಡು, ಬೆಟ್ಟಗಳಿಗೆ ವರ್ಷದಲ್ಲಿ ನಾಲ್ಕೈದು ಸಲ ಹೋದರೆ ಸಾಕು. ಬನ್ನೇರುಘಟ್ಟ ಎಲ್ಲರೂ ಬಲ್ಲದ್ದು. ಮಂಗಳವಾರ ರಜೆ ಎಂಬುದನ್ನು ಮರೆತು ಹೋಗಿ ಹಿಂದಿರುಗುವವರು ಇನ್ನೂ ಇದ್ದಾರೆ. ಸಫಾರಿಗಿಂತ ಅಲ್ಲಿನ ಚಿಟ್ಟೆ ಉದ್ಯಾನ ಐದು ವರ್ಷದವನಿಗೆ ಹೆಚ್ಚು ಹಿಡಿಸೀತು. 2006ರಲ್ಲಿ ತೆರೆದ ಅದು ದೇಶದ ಮೊದಲ ಚಿಟ್ಟೆ ಉದ್ಯಾನ. ಮೃಗಾಲಯದ ಬೇಲಿಯಾಚೆ ಇರುವುದು 1974ರಿಂದ ರಾಷ್ಟ್ರೀಯ ಉದ್ಯಾನವಾಗಿರುವ ಆನೆಗಳ ಕಾಡು, ಅಲ್ಲಿ ಅನುಮತಿಯಿಲ್ಲದೆ ಚಾರಣಕ್ಕೆ ಇಳಿಯುವುದು ಕಾನೂನಿಗೂ ವಿರುದ್ಧ, ಪ್ರಾಣಕ್ಕೂ ಅಪಾಯ. ಕನಕಪುರ ರಸ್ತೆಯ ಕಡೆಯ ತುರಹಳ್ಳಿ ಕಾಡಿನಲ್ಲಿ ಬೆಳಿಗ್ಗೆ ನವಿಲು ಕೂಗುವುದನ್ನು ಕೇಳಬಹುದು, ಆದರೆ ಒಂಟಿ ಕುಟುಂಬವಾಗಿ ಹೋಗದೆ ಇನ್ನೆರಡು ಮನೆಯವರನ್ನು ಕೂಡಿಸಿಕೊಳ್ಳಿ.

ಹೆಸರಘಟ್ಟ ನಿಮಗೆ ಅಷ್ಟೇನೂ ದೂರವಿಲ್ಲ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಗೆ ಅಡ್ಡಲಾಗಿ 1894ರಲ್ಲಿ ಕಟ್ಟಿದ ಕೆರೆ ಅಲ್ಲಿದೆ, ಒಂದು ಕಾಲದಲ್ಲಿ ಬೆಂಗಳೂರು ಕುಡಿದದ್ದು ಅದರ ನೀರನ್ನೇ. ಪಕ್ಕದ ಹುಲ್ಲುಗಾವಲನ್ನು ಖಾಲಿ ಬಯಲು ಎಂದುಕೊಂಡು ಕಾರು ಓಡಿಸುವವರನ್ನು, ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳಲು ಹುಲ್ಲು ತುಳಿಯುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗೆ, ಚಳಿಗಾಲದಲ್ಲಿ ಬರುವ ಸೆಳೆವ ಎಂಬ ಬೇಟೆಹಕ್ಕಿಗಳಿಗೆ ಆ ಹುಲ್ಲೇ ಕಾಡು. ನೀವು ಹೋದರೆ ರಸ್ತೆಯ ಅಂಚಿನಲ್ಲೇ ನಿಂತು ನೋಡಿ, ಅಲ್ಲಿಂದಲೇ ಎಲ್ಲವೂ ಕಾಣುತ್ತದೆ.

ಒಂದು ಇಡೀ ದಿನ ಕೈಯಲ್ಲಿದ್ದರೆ ನಾನು ನಂದಿಬೆಟ್ಟಕ್ಕಿಂತ ಮೊದಲು ಕೊಕ್ಕರೆಬೆಳ್ಳೂರನ್ನು ಹೇಳುತ್ತೇನೆ. ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣ ದಾಟಿ ರುದ್ರಾಕ್ಷಿಪುರದಲ್ಲಿ ಎಡಕ್ಕೆ ತಿರುಗಬೇಕು, ಬೆಂಗಳೂರಿನಿಂದ ಸುಮಾರು 80 ಕಿಲೋಮೀಟರ್. ಮದ್ದೂರು ತಾಲ್ಲೂಕಿನ ಈ ಹಳ್ಳಿಯಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆ, ಅರಳಿ ಮರಗಳಲ್ಲೇ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರಿನವರು ಅವುಗಳನ್ನು ಕಾಣುತ್ತಾರೆ. ಮರದಡಿ ಬಿದ್ದ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತಿತ್ತು. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು, ಆದರೆ ಊರಿನವರ ಕಾವಲು ಅದಕ್ಕೂ ತಲೆಮಾರುಗಳ ಹಿಂದಿನದು. ಫೆಬ್ರವರಿ, ಮಾರ್ಚಿನಲ್ಲಿ ಹೋದರೆ ಮರಿಗಳಿಗೆ ತುತ್ತು ಕೊಡುವುದನ್ನು ಬೀದಿಯಲ್ಲಿ ನಿಂತೇ ನೋಡಬಹುದು. ಅತ್ತೆಯವರು ಹೆಚ್ಚು ನಡೆಯಬೇಕಾಗಿಯೂ ಇಲ್ಲ. ಅದೇ ದಾರಿಯಲ್ಲಿ ರಾಮನಗರದ ರಾಮದೇವರ ಬೆಟ್ಟವಿದೆ. 2012ರಲ್ಲಿ ರಣಹದ್ದುಗಳ ಧಾಮವಾಯಿತು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಸತ್ತ ದನದ ಮಾಂಸದಿಂದ ರಣಹದ್ದುಗಳ ಮೈ ಸೇರಿ ದೇಶದಾದ್ಯಂತ ಅವುಗಳನ್ನು ಬಹುತೇಕ ಮುಗಿಸಿಬಿಟ್ಟಿತು, 2006ರಲ್ಲಿ ಆ ಔಷಧಿಯನ್ನು ಜಾನುವಾರುಗಳಿಗೆ ಬಳಸುವುದನ್ನು ನಿಷೇಧಿಸಲಾಯಿತು. ಮೆಟ್ಟಿಲು ಹೆಚ್ಚು, ಮಗಳನ್ನು ಮಾತ್ರ ಕರೆದೊಯ್ಯಿರಿ.

ಸುರಕ್ಷತೆಯ ಪ್ರಶ್ನೆಗೆ ನೇರ ಉತ್ತರ: ಹಾವಿಗಿಂತ, ನಾಯಿಗಿಂತ ನೀರಿಗೆ ಹೆದರಿ. ಕೆರೆಯ ಕೋಡಿಯ ಕಲ್ಲು ಪಾಚಿ ಕಟ್ಟಿ ಜಾರುತ್ತದೆ, ಹೂಳು ತೆಗೆದ ಕೆರೆಗಳಲ್ಲಿ ದಂಡೆಯ ಪಕ್ಕದಲ್ಲೇ ಆಳವಿರಬಹುದು. ಐದು ವರ್ಷದವನ ಕೈ ಸದಾ ಒಬ್ಬರ ಕೈಯಲ್ಲಿರಲಿ. ನಗರದ ಹೊರಗೆ ಹೋದಾಗ ಕಾಣುವ ಹಳೆಯ ಕಲ್ಲುಗಣಿಯ ಹೊಂಡಗಳು ಇನ್ನೂ ಅಪಾಯಕಾರಿ. ತಿಳಿನೀಲಿ ನೀರು ಈಜಲು ಕರೆಯುವಂತಿರುತ್ತದೆ, ಒಳಗೆ ಗೋಡೆಯಂತೆ ನೇರ ಇಳಿತ, ಹತ್ತಿ ಬರಲು ಹಿಡಿಯೇ ಇರುವುದಿಲ್ಲ. ಮಾಗಡಿ ಕಡೆಯ ಮಂಚನಬೆಲೆ ಜಲಾಶಯದಲ್ಲಿ ಈಜಲು ಇಳಿದು ಎಷ್ಟೋ ಯುವಕರು ಪ್ರಾಣ ಕಳೆದುಕೊಂಡಿದ್ದಾರೆ. ನೀರಿಗೆ ಇಳಿಯುವುದೇ ಇಲ್ಲ ಎಂಬ ನಿಯಮವನ್ನು ಮನೆಯಲ್ಲೇ ಮಾಡಿಕೊಂಡು ಹೊರಡಿ.

ಉಳಿದದ್ದು ಸಣ್ಣ ಎಚ್ಚರಿಕೆಗಳು. ದಾರಿ ಬಿಟ್ಟು ಹುಲ್ಲಿಗೆ ಇಳಿಯದಿದ್ದರೆ ಹಾವಿನ ಭಯವಿಲ್ಲ, ಕಾಣುವುದು ಹೆಚ್ಚಾಗಿ ಕೇರೆ ಹಾವು, ನೀರು ಹಾವು. ಬೀದಿನಾಯಿಗಳ ಮುಂದೆ ಮಕ್ಕಳು ಓಡಬಾರದು. ಬಂಡೆಯಲ್ಲಿ, ದೊಡ್ಡ ಮರದಲ್ಲಿ ಹೆಜ್ಜೇನು ಕಟ್ಟಿದ್ದರೆ ಕಲ್ಲೆಸೆಯುವುದಿರಲಿ, ಕೆಳಗೆ ನಿಂತು ಗದ್ದಲವನ್ನೂ ಮಾಡಬೇಡಿ. ಬೆಟ್ಟದ ಕೋತಿಗಳ ಎದುರು ಪ್ಲಾಸ್ಟಿಕ್ ಚೀಲ ಕೈಯಲ್ಲಿ ಕಾಣದಿರಲಿ. ಕೆರೆಗಳ ಬಳಿ ಶೌಚಾಲಯ ಇದ್ದರೂ ಬೀಗ ಹಾಕಿರುವುದುಂಟು, ಮನೆಯಲ್ಲೇ ಮುಗಿಸಿ ಹೊರಡುವುದು ಕ್ಷೇಮ.

ಒಂದು ವಿನಂತಿಯೂ ಇದೆ. ಮೀನಿಗೆ ಕಡಲೆಪುರಿ, ಬಾತಿಗೆ ಬ್ರೆಡ್ ಹಾಕುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಬೇಡಿ. ಉಳಿದದ್ದು ಕೊಳೆತು ನೀರಿನ ಆಮ್ಲಜನಕವನ್ನೇ ತಿನ್ನುತ್ತದೆ. ಮನೆಯ ತೊಟ್ಟಿಯಲ್ಲಿ ಸಾಕಿ ಬೇಸರವಾದ ಮೀನು, ಆಮೆಗಳನ್ನು ಪುಣ್ಯವೆಂದು ಕೆರೆಗೆ ಬಿಡುವವರಿದ್ದಾರೆ. ಅವು ಹೊರದೇಶದ ಜಾತಿಗಳಾಗಿದ್ದರೆ ಇಲ್ಲಿನವುಗಳ ಆಹಾರವನ್ನೂ ಜಾಗವನ್ನೂ ಕಸಿದುಕೊಳ್ಳುತ್ತವೆ. ಮಗಳಿಗೆ ಇಷ್ಟವಿದ್ದರೆ ಕೆರೆಯನ್ನು ನೋಡಿಕೊಳ್ಳುವ ಸ್ಥಳೀಯ ಗುಂಪಿನವರು ಕಸ ಹೆಕ್ಕುವ, ಗಿಡ ನೆಡುವ ದಿನ ಯಾವುದೆಂದು ಕಾವಲುಗಾರರನ್ನು ಕೇಳಿ ಸೇರಿಕೊಳ್ಳಿ.

ಕೊನೆಯದಾಗಿ ದುರ್ಬೀನು. ಮೊದಲ ಎರಡು ಮೂರು ತಿಂಗಳು ಕೊಳ್ಳಬೇಡಿ. ಗುಳುಮುಳುಕ, ನಾಮದ ಕೋಳಿ, ಹೆಜ್ಜಾರ್ಲೆಗಳಿಗೆ ಕಣ್ಣೇ ಸಾಕು. ಮಕ್ಕಳು ತಾವಾಗಿ ಭಾನುವಾರ ಬೇಗ ಎದ್ದರೆ ಆಗ ಕೊಡಿಸಿ. ಮೇಲೆ 8×42 ಅಥವಾ 8×32 ಎಂದು ಬರೆದಿರುವುದನ್ನು ಆರಿಸಿ. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಮಸೂರದ ಅಗಲ ಮಿಲಿಮೀಟರಿನಲ್ಲಿ. ಹತ್ತು, ಹನ್ನೆರಡು ಪಟ್ಟಿನದು ಅಂಗಡಿಯಲ್ಲಿ ಆಕರ್ಷಕವಾಗಿ ಕಂಡರೂ ಮಕ್ಕಳ ಕೈಯಲ್ಲಿ ಅಲುಗಾಡಿ ಏನೂ ಕಾಣುವುದಿಲ್ಲ. ಮಗಳಿಗೆ 8×32 ಹಗುರ. ಕನ್ನಡಕ ಹಾಕುವವರಿದ್ದರೆ ಹಾಕಿಕೊಂಡೇ ನೋಡಿ ಪರೀಕ್ಷಿಸಿ. ಸೂರ್ಯನ ಕಡೆ ಮಾತ್ರ ಎಂದೂ ತಿರುಗಿಸಬಾರದೆಂದು ಮೊದಲ ದಿನವೇ ಹೇಳಿ. ಕಂಡ ಹಕ್ಕಿಗಳ ಪಟ್ಟಿಯನ್ನು ಅವಳೇ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆಯಲಿ. ನಿಮ್ಮ ಮೊಬೈಲಿನಲ್ಲಿ ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಆ್ಯಪ್ ಹಾಕಿಕೊಂಡರೆ ಅದೇ ಪಟ್ಟಿಯನ್ನು ಉಚಿತವಾಗಿ ಅಲ್ಲಿಗೂ ಸೇರಿಸಬಹುದು. ಜಕ್ಕೂರು ಕೆರೆಯಲ್ಲಿ ಯಾವ ತಿಂಗಳು ಯಾವ ಹಕ್ಕಿ ಬರುತ್ತದೆಂದು ಇಂದು ತಿಳಿದಿರುವುದರಲ್ಲಿ ಇಂಥ ಪಟ್ಟಿಗಳ ಪಾಲು ದೊಡ್ಡದು.